ಹಲಗೆ ಕಟ್ಟೆಯ ಬೂಷ್ಟು

ನಮ್ಮ ಮನೆಯ ಹಿತ್ತಿಲಲ್ಲಿ ಹತ್ತಡಿ ಉದ್ದ, ಎಂಟಡಿ ಅಗಲದ ಒಂದು ಮರದ ಹಾಸು ಇದೆ. ಅದನ್ನು ಏನೆಂದು ಕರೆಯಬೇಕೆಂಬುದೇ ನನಗಿನ್ನೂ ಸರಿಯಾಗಿ ತಿಳಿದಿಲ್ಲ. ಮಾಡಿಕೊಟ್ಟ ನಾರಾಯಣಖೇಡದ ಬಡಿಗ ವೀರಣ್ಣ ‘ಡೆಕ್’ ಎಂದ. ನಮ್ಮ ಯಜಮಾನರು ‘ನಿನ್ನ ಹುಚ್ಚು’ ಎಂದರು. ಅತ್ತೆ ಎರಡು ದಿನ ದೂರದಿಂದಲೇ ನೋಡಿ, ಮೂರನೆಯ ದಿನ ಮೆಲ್ಲಗೆ ಹತ್ತಿ ಕುಳಿತು ‘ಹಲಗಿ ಕಟ್ಟಿ’ ಎಂದರು. ಆ ಹೆಸರೇ ನಿಂತಿತು.

ಜಹೀರಾಬಾದಿನಲ್ಲಿ ಇಂಥದೊಂದು ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನಮ್ಮಲ್ಲಿ ಅಂಗಳ, ಹಿತ್ತಿಲು, ಮೆಟ್ಟಿಲು ಎಲ್ಲಕ್ಕೂ ತಾಂಡೂರಿನ ಕಲ್ಲೇ. ಬೇಸಿಗೆಯಲ್ಲಿ ಅದು ಹೆಂಚಿನ ಹಾಗೆ ಕಾಯುತ್ತದೆ, ಚಳಿಯಲ್ಲಿ ಎಲುಬು ಕೊರೆಯುತ್ತದೆ. ಕಂಗ್ಟಿಯ ಕಡೆ ಕುರಿಗಳ ಹಿಂದೆ ಬಯಲೆಲ್ಲ ತಿರುಗಿ ಬಾಳಿದ ನಮ್ಮ ಅತ್ತೆ, ಮೊಣಕಾಲು ಕೈಕೊಟ್ಟ ಮೇಲೆ ಆ ಕಲ್ಲಿಗೆ ಹೆದರಿ ಇಡೀ ದಿನ ಒಳಗಿನ ಮಂಚದ ಮೇಲೆ ಗೋಡೆ ನೋಡುತ್ತ ಕುಳಿತಿರುವುದನ್ನು ನನ್ನಿಂದ ನೋಡಲಾಗಲಿಲ್ಲ. ಕಟ್ಟೆಯಾದ ಮೇಲೆ ಅವರ ದಿನವೆಲ್ಲ ಅಲ್ಲೇ: ಬಿಸಿಲು ಕಾಯುವುದು, ತೊಗರಿ ಹಸನು ಮಾಡುವುದು, ಬೇಲಿಯಾಚೆ ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುವುದು. ಆದರೆ ಕಟ್ಟೆ ಚೆನ್ನಾಗಿದೆ ಎಂದು ಅವರು ಒಂದು ಮಾತೂ ಹೇಳಲಿಲ್ಲ. ಆರು ವರ್ಷ ಒಂದೇ ಒಲೆಯ ಅಡುಗೆ ಉಂಡರೂ ನನ್ನ ಸಾರಿಗೆ ಸಿಗದ ಹೊಗಳಿಕೆ ಹಲಗೆಗೆ ಸಿಕ್ಕೀತೆಂದು ನಾನೇನೂ ಕಾದಿರಲಿಲ್ಲ, ಅಂದರೆ ಸ್ವಲ್ಪ ಕಾದಿದ್ದೆ.

ಮಳೆಗಾಲ ಬಂತು, ಜೊತೆಗೆ ಬೂಷ್ಟು. ಕಂದು ಬಣ್ಣ ಹಚ್ಚಿ ಮಿರುಗುತ್ತಿದ್ದ ಹಲಗೆಯ ಮೇಲೆ ಮೊದಲು ಕಪ್ಪು ಚುಕ್ಕೆಗಳು, ಆಮೇಲೆ ಬೂದಿ ಬಣ್ಣದ ಪೊರೆ. ನಾನು ಕಚೇರಿಯಲ್ಲಿ ಕಡತಗಳ ತಪ್ಪು ಹಿಡಿದು ಹೆಸರು ಮಾಡಿದವಳು. ಈ ತಪ್ಪು ಮಾತ್ರ ಕೈಗೆ ಸಿಗಲೇ ಇಲ್ಲ. ಬಣ್ಣದ ಅಂಗಡಿಯವನು, “ಕಟ್ಟಿಗಿ ಹಸಿ ಇದ್ದಾಗೇ ಬಣ್ಣ ಹಚ್ಚೀರಿ ಮೇಡಂ” ಎಂದ. ವೀರಣ್ಣನಿಗೆ ಫೋನು ಮಾಡಿದರೆ, “ಗಾಳಿ ಆಡ್ಲಿ ಅಂತ ನಾ ಸಂದು ಬಿಟ್ಟೀನ್ರಿ, ನೀವು ಅದರಾಗ ಕಸ ತುಂಬಸೀರಿ” ಎಂದು ನನಗೇ ಗದರಿದ. ನಾನು ಸಂದಿನ ಕಸವನ್ನೆಲ್ಲ ಕಡ್ಡಿಯಿಂದ ತೆಗೆದೆ, ನೆರಳು ಮಾಡುತ್ತಿದ್ದ ನುಗ್ಗೆಯ ಕೊಂಬೆ ಕಡಿಸಿದೆ, ಹೂವಿನ ಕುಂಡಗಳನ್ನು ಕೆಳಗಿಳಿಸಿದೆ, ಸೋಪಿನ ನೀರಿನಿಂದ ತಿಕ್ಕಿ ಒಣಗಿಸಿದೆ. ಹದಿನೈದು ದಿನಕ್ಕೆ ಬೂಷ್ಟು ಮತ್ತೆ ಹಾಜರು, ಅದೂ ಎಲ್ಲ ಕಡೆ ಅಲ್ಲ. ಅತ್ತೆ ಕೂರುವ ಜಾಗದ ಸುತ್ತ, ಅವರ ಕೈ ಚಾಚಿದಷ್ಟು ದೂರ ಮಾತ್ರ, ಅರ್ಧ ಚಂದ್ರನ ಆಕಾರದಲ್ಲಿ. ಅದೇ ಮಳೆ, ಅದೇ ಮರ, ಅದೇ ಬಣ್ಣ. ಅವರ ಸುತ್ತಲೇ ಯಾಕೆಂದು ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟುಹೋಯಿತು.

ಒಂದು ಬೆಳಿಗ್ಗೆ ಅತ್ತೆಯ ಕಾಲು ಅಲ್ಲೇ ಜಾರಿತು. ಪಕ್ಕದಲ್ಲಿದ್ದ ಬಟ್ಟೆ ಒಣಹಾಕುವ ಕಂಬ ಕೈಗೆ ಸಿಕ್ಕಿತೆಂದು ಉಳಿದರು. ಯಜಮಾನರು ಕೆಂಪಾದರು. “ಐತಾರ ರಜಾ ಐತಿ, ಇದನ್ನ ಕಿತ್ತಿ ಒಗೀತೀನಿ. ಅವ್ವನ ಸೊಂಟ ಮುರದ್ರ ಯಾರು ನೋಡವರು?” ಎಂದರು. ಅತ್ತೆ ಒಳಗೆ ಹೋಗಿ ಮತ್ತೆ ಮಂಚದ ಮೇಲೆ ಗೋಡೆ ನೋಡುತ್ತ ಕುಳಿತರು.

ಆ ವಾರವೇ ಅಮಾವಾಸ್ಯೆ. ಮೈ ಸರಿಯಿಲ್ಲವೆಂದು ಮಧ್ಯಾಹ್ನವೇ ಮನೆಗೆ ಬಂದೆ. ಹಿತ್ತಿಲಿಗೆ ಹೋದರೆ ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ಬಟ್ಟಲಲ್ಲಿ ಕುಸುಬಿ ಎಣ್ಣೆ ಇಟ್ಟುಕೊಂಡು, ಹಳೆ ಸೀರೆಯ ಚೂರಿನಿಂದ ಹಲಗೆ ತಿಕ್ಕುತ್ತಿದ್ದಾರೆ.

“ಏನ್ ಮಾಡಾಕತ್ತೀರಿ ಅತ್ತಿ?”

“ಎಣ್ಣಿ ಕುಡಸಾಕತ್ತೀನಿ. ನಮ್ಮಪ್ಪ ಅಮಾಸಿಗೊಮ್ಮಿ ಕುರಿ ಕಾಯೋ ಕೋಲಿಗೆ ಎಣ್ಣಿ ಕುಡಸ್ತಿದ್ದ. ಅಂವ ಸಾಯೋತನಾ ಅದಕ್ಕ ಹುಳ ಮುಟ್ಟಲಿಲ್ಲ. ಇಷ್ಟು ಚಲೋ ಮಾಡಿಸಿಕೊಟ್ಟೀದಿ, ಹಂಗೇ ಒಣಗಾಕ ಬಿಡ್ಲೇನು?”

ಆರು ವರ್ಷ ಕಾದ ‘ಚಲೋ’ ಎಂಬ ಮಾತು ಬಂದ ಹೊತ್ತು ನೋಡಿ, ಗೆಳೆಯರೇ! ಹಿಗ್ಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ನಿಂತೆ. ಬೋಳು ಕೋಲು ಎಣ್ಣೆ ಕುಡಿಯುತ್ತದೆ. ಬಣ್ಣ ಕುಡಿದು ಹೊಟ್ಟೆ ತುಂಬಿದ ಹಲಗೆ ಕುಡಿಯುವುದಿಲ್ಲ. ಎಣ್ಣೆ ಮೇಲೆಯೇ ನಿಂತು, ಧೂಳು ಹಿಡಿದು, ಮಳೆಯ ಪಸೆಗೆ ಬೂಷ್ಟಿಗೆ ಔತಣವಾಗಿದೆ. ನಾನು ತಿಕ್ಕಿದಷ್ಟೂ ಅವರು ಉಣಿಸಿದ್ದಾರೆ. ತಪ್ಪು ಸಿಕ್ಕಿತ್ತು, ಆದರೆ ತಪ್ಪು ಮಾಡಿದವರು ಯಾರೂ ಇರಲಿಲ್ಲ. ಇಂಥ ಕಡತಕ್ಕೆ ಏನು ಬರೆಯಬೇಕೆಂದು ನನ್ನ ಕಚೇರಿ ನನಗೆ ಕಲಿಸಿಲ್ಲ.

ವಿಷಯ ತಿಳಿದ ಯಜಮಾನರು ಮೆತ್ತಗಾದರು. ಎಣ್ಣೆ ನಿಂತರೆ ಕಟ್ಟೆ ಇರಲಿ, ನಾನೇ ಉಜ್ಜಿ, ಒಣಗಿಸಿ, ಬೂಷ್ಟು ತಡೆಯುವ ಬಣ್ಣ ಹಚ್ಚುತ್ತೇನೆ ಎಂದರು. “ಅವ್ವಗ ಮಾತ್ರ ನೀನೇ ಹೇಳು, ನನ್ನ ಕೈಲಿ ಆಗೂದಿಲ್ಲ” ಎಂದು ಮೋಟರ್‌ಸೈಕಲ್ ಹತ್ತಿ ಹೊರಟೇಬಿಟ್ಟರು. ಹೇಳಿದರೆ ಅತ್ತೆಯ ಮನಸ್ಸು ಮುರಿಯುತ್ತದೆ, ಹೇಳದಿದ್ದರೆ ಸೊಂಟ. ಎರಡು ದಿನ ಬಾಯಿ ತೆರೆದು ತೆರೆದು ‘ಚಾ ಮಾಡ್ಲೇನ್ರಿ’ ಎಂದಷ್ಟೇ ಕೇಳಿ ಮುಚ್ಚಿದೆ.

ಶನಿವಾರ ಸಂಜೆ ಕಟ್ಟೆಯ ಮೇಲೆ ಅವರ ಪಕ್ಕ ಕುಳಿತು ಹೇಳಿದೆ. ಅತ್ತೆ ಎಲ್ಲ ಕೇಳಿ, ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು.

“ಮತ್ತ ನಾ ಏನ್ ಮಾಡ್ಲಿ ಯವ್ವಾ? ಮನ್ಯಾಗ ಎಲ್ಲಾ ನೀನೇ ಮಾಡ್ತಿ. ನಿನಗಂತ ನನ್ನ ಕೈಲಿ ಆಗೋದು ಇದೊಂದೇ ಇತ್ತು.”

ಏನು ತೋಚಿತೋ, ಒಳಗಿನಿಂದ ಎಣ್ಣೆಯ ಬಟ್ಟಲು ತಂದು ಅವರ ಮುಂದಿಟ್ಟು, ತುರುಬು ಬಿಚ್ಚಿ ಅವರಿಗೆ ಬೆನ್ನು ಮಾಡಿ ಕುಳಿತೆ. “ಇದಕ್ಕ ಕುಡಸ್ರಿ ಅತ್ತಿ” ಎಂದೆ.

ಆಮೇಲೆ ನೆತ್ತಿಯ ಮೇಲೆ ಎಣ್ಣೆ ಬಿತ್ತು, ಅದರ ಹಿಂದೆ ಆ ಒರಟು ಬೆರಳುಗಳು ಬಂದವು. ನನ್ನ ಹೆಗಲು ಕುಲುಕುತ್ತಿದ್ದುದು ಅಳುವಿನಿಂದಲೋ ನಗುವಿನಿಂದಲೋ ನನಗೇ ತಿಳಿಯಲಿಲ್ಲ.

“ಅಲುಗಾಡಬ್ಯಾಡ,” ಎಂದರು ಅತ್ತೆ, “ಹಲಗಿಗೆ ಬಿದ್ದೀತು.”