ರೋಶನ್ ಬೀಯ ಉಗುರುಬೆಚ್ಚಗಿನ ನೀರು

ರಾಮನಗರದ ಯಾರಬ್ ನಗರದಲ್ಲಿ ರೋಶನ್ ಬೀಯ ಮನೆ ಯಾವುದು ಎಂದು ಕೇಳಿ ನೋಡಿ, ಒಬ್ಬರೂ ಮನೆಯ ನಂಬರು ಹೇಳುವುದಿಲ್ಲ. "ಡೆಲ್ಲೀಲಿ ದುಡ್ಡು ಹಂಚ್ತಾಳಲ್ಲ ಜುವೇರಿಯಾ, ಅವಳ ಅಮ್ಮಿ ಮನೇನಾ?" ಅನ್ನುತ್ತಾರೆ. ಈ ಮಾತು ಕಿವಿಗೆ ಬಿದ್ದರೆ ರೋಶನ್ ಬೀಗೆ ಮೈಯೆಲ್ಲ ಉರಿ. ಮಗಳು ದುಡ್ಡು ಹಂಚುವುದೇನೋ ನಿಜ. ದೇಶದ ಯಾವ ವಿಜ್ಞಾನಿಯ ಯಾವ ಸಂಶೋಧನೆಗೆ ಸರ್ಕಾರದ ಹಣ ಸಿಗಬೇಕು ಎಂದು ತೀರ್ಮಾನಿಸುವ ಸಂಸ್ಥೆಗೆ ಅವಳು ಮುಖ್ಯಸ್ಥೆ. ಆದರೆ ಪಕ್ಕದ ಮನೆಯ ಶುಕೂರ್ ಸಾಹೇಬರು ಅದನ್ನು ಸೊಸೈಟಿ ಸಾಲ ಎಂದುಕೊಂಡು, ಮಗನ ಆಟೋಗೆಂದು ಅರ್ಜಿ ಬರೆಸಿಕೊಂಡು ಬಂದೇಬಿಟ್ಟಿದ್ದರು.

"ಆಟೋಗೆಲ್ಲ ಕೊಡಲ್ಲ ಶುಕೂರ್ ಭಾಯ್," ಎಂದಳು ರೋಶನ್ ಬೀ. "ಮಾರ್ಕೆಟ್ಟಲ್ಲಿ ರೇಷ್ಮೆ ಗೂಡು ತಗೊಳೋವಾಗ ನೀವೇನ್ ಮಾಡ್ತೀರ? ಮೇಲಿಂದು ನೋಡಿ ಮರುಳಾಗ್ತೀರಾ? ರಾಶಿ ತಳಕ್ಕೆ ಕೈ ಹಾಕಿ ಒಂದ್ ಹಿಡಿ ತೆಗೆದು, ಕಿವಿ ಹತ್ರ ಅಲ್ಲಾಡಿಸಿ ನೋಡ್ತೀರ. ಅವಳ್ದೂ ಅದೇ ಕೆಲ್ಸ. ಯಾವುದ್ರಲ್ಲಿ ನೂಲೈತೆ, ಯಾವುದು ಬರೀ ಪೊಳ್ಳು ಅಂತ ನೋಡೋದು."

ಶುಕೂರ್ ಸಾಹೇಬರು ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಚಹಾ ಕುಡಿದು ಹೋದರು.

ರೋಶನ್ ಬೀ ಸುಮ್ಮನೆ ಹೇಳಿದ ಮಾತಲ್ಲ ಅದು. ಜುವೇರಿಯಾ ಯಾವ ಅರ್ಜಿಯನ್ನೂ ಮೊದಲ ಪುಟದಿಂದ ಓದುವವಳಲ್ಲ. ಕೊನೆಯಲ್ಲಿ, "ಇಲ್ಲಿಯವರೆಗೆ ಯಾವುದು ಸೋತಿತು" ಎಂದು ಬರೆದಿರುವ ಪುಟಕ್ಕೇ ನೇರವಾಗಿ ಹೋಗುತ್ತಾಳೆ. ಸೋತದ್ದನ್ನು ಬರೆಯದವನ ಗೆಲುವನ್ನು ಅವಳು ನಂಬುವುದಿಲ್ಲ. ತನಗೆ ಗೊತ್ತಿರುವವರ ಫೈಲು ಸಭೆಗೆ ಬಂದರೆ ಎದ್ದು ಹೊರಗೆ ಹೋಗಿ ವರಾಂಡದಲ್ಲಿ ನಿಲ್ಲುತ್ತಾಳೆ. ಇದನ್ನೆಲ್ಲ ಮಗಳ ಬಾಯಿಂದಲೇ ಕೇಳಿ, ಅರ್ಥವಾದಷ್ಟನ್ನು ಎದೆಯಲ್ಲಿಟ್ಟುಕೊಂಡು, ಬಂದವರಿಗೆಲ್ಲ ಹೇಳುವುದು ರೋಶನ್ ಬೀಗೆ ಈ ಎಪ್ಪತ್ತಾರನೆಯ ವಯಸ್ಸಿನಲ್ಲಿ ಸಿಕ್ಕ ದೊಡ್ಡ ಸುಖ.

ಸುಖವೇನು ಸುಮ್ಮನೆ ಬಂತೇ? ಚನ್ನಪಟ್ಟಣದ ಗೊಂಬೆ ಕೆಲಸದವರ ಮನೆಯ ಹುಡುಗಿ ಹದಿನೇಳಕ್ಕೆ ರಾಮನಗರದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್ ಮಕ್ಬೂಲನನ್ನು ಮದುವೆಯಾಗಿ ಬಂದಳು. ಬಂದ ವಾರಕ್ಕೇ ಬಿಸಿನೀರಿನ ಬೇಸಿನ್ ಮುಂದೆ ಕೂತಳು. ಕುದಿಸಿದ ಗೂಡನ್ನು ಬಿಸಿನೀರಿನಲ್ಲಿ ಆಡಿಸಿ, ಬೆರಳಿನಿಂದ ಎಳೆಯ ತುದಿ ಹುಡುಕಿ, ರಾಟೆಗೆ ಕೊಡುತ್ತಲೇ ಇರಬೇಕು. ಮದರಂಗಿಯ ಕೈ ಆರು ತಿಂಗಳಿಗೆ ಬೆಂದ ಕೈಯಾಯಿತು. ಬೆರಳ ಸಂದಿ ಒಡೆದು, ಖಾರದ ಸಾರಿಗೆ ಕೈಯಿಟ್ಟರೆ ಪ್ರಾಣ ಹೋದಂತಾಗುತ್ತಿತ್ತು. ಮುಂದೆ ಮಗಳು ಹುಟ್ಟಿ ಎಂಟು ವರ್ಷದವಳಾದಾಗ, ಜುವೇರಿಯಾ ತಟ್ಟೆ ಹಿಡಿದು, ಅನ್ನ ಕಲಸಿ ತಾಯಿಗೆ ತುತ್ತಿಡುತ್ತಿದ್ದಳು. ತಾಯಿ ಮಗಳಿಗೆ ಉಣ್ಣಿಸುವುದನ್ನು ಎಲ್ಲರೂ ನೋಡಿದ್ದೇವೆ, ಈ ಮನೆಯಲ್ಲಿ ತಿರುಗಾಮುರುಗಾ.

ಮಗು ದೊಡ್ಡದಾಗಿ ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿತು. ಸಾವಿರದ ಒಂಬೈನೂರ ತೊಂಬತ್ತಮೂರನೇ ಇಸವಿ. "ಅಮ್ಮೀ, ಗೂಡು ಬೇಯಿಸೋ ರೀತಿ ಬದಲಾಯಿಸಿದ್ರೆ ಬೇಸಿನ್ನಲ್ಲಿ ಬಿಸಿನೀರೇ ಬೇಡ, ಉಗುರುಬೆಚ್ಚಗಿದ್ರೆ ಸಾಕು. ನಿನ್ ಕೈ ಉಳೀತದೆ," ಎಂದು ಬಂದು ನಿಂತಳು. ಪ್ರಯೋಗ ಫಲಿಸಿದರೆ ಸಂಶೋಧನೆಗೆ ವಿದ್ಯಾರ್ಥಿವೇತನ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಮಕ್ಬೂಲ್ ಒಳ್ಳೆಯವನೇ, ಆದರೆ ನೆಂಟರ ಬಾಯಿಗೆ ಹೆದರುವವನು. "ಈ ವರ್ಷ ಒಂದು ನೋಡ್ತೀನಿ, ಆಮೇಲೆ ನಿಕಾಹ್," ಎಂದು ಗಡುವು ಹಾಕಿದ್ದ.

ನಲವತ್ತು ದಿನ ತಾಯಿ ಬೇಸಿನ್ ಮುಂದೆ, ಮಗಳು ಥರ್ಮಾಮೀಟರ್ ಹಿಡಿದು ಪಕ್ಕದಲ್ಲಿ. ಗಂಟೆಗೊಮ್ಮೆ ನೀರಿನ ಶಾಖ ನೋಡುವುದು, ಬರೆಯುವುದು, ಒಳಗೆ ಹೋಗಿ ಲೆಕ್ಕ ಮಾಡುವುದು. ನೂಲು ಬಂತು, ಒಳ್ಳೆಯ ನೂಲೇ ಬಂತು! ಪ್ರಬಂಧ ಅಚ್ಚಾಯಿತು, ವಿದ್ಯಾರ್ಥಿವೇತನ ಸಿಕ್ಕಿತು. ಅಲ್ಲಿಂದ ಡಾಕ್ಟರೇಟು, ಜಪಾನು, ಸ್ವಂತ ಪ್ರಯೋಗಾಲಯ, ಇನ್ನೂರು ಪ್ರಬಂಧ, ಕೊನೆಗೆ ಡೆಲ್ಲಿಯ ಕುರ್ಚಿ. ಊರಿನ ರೀಲರುಗಳೂ ಆ ಉಗುರುಬೆಚ್ಚಗಿನ ನೀರನ್ನು ಪ್ರಯತ್ನಿಸಿದ್ದರು. ಅವರಿಗೆ ಎಳೆ ಕಿತ್ತು ಕಿತ್ತು ಬಂತು. "ಅದು ರೋಶನ್ ಬೀ ಕೈಗುಣ ಕಣ್ಲಾ, ನಮ್ಗೆಲ್ಲಿ ಬತ್ತದೆ," ಎಂದು ಬಿಟ್ಟುಬಿಟ್ಟರು.

ಕಳೆದ ವರ್ಷ ಬಕ್ರೀದ್ ಮುಗಿದ ವಾರ ಜುವೇರಿಯಾ ಎರಡು ದಿನಕ್ಕೆ ಮನೆಗೆ ಬಂದಳು. ತಾಯಿ ಮಗಳ ನಡುವೆ ಮನೆಮಾತು ಉರ್ದು. ಆದರೆ ಜಗಳಕ್ಕೆ, ಕೆಲಸದ ಮಾತಿಗೆ, ಅಳುವಿಗೆ ಇಬ್ಬರಿಗೂ ಕನ್ನಡವೇ ಸಲೀಸು. ಸಂಜೆ ಚಹಾಕ್ಕೆ ಕೂತಾಗ ಅವಳು ಕನ್ನಡದಲ್ಲಿ ಶುರುಮಾಡಿದಾಗಲೇ ರೋಶನ್ ಬೀಗೆ ಏನೋ ಇದೆ ಎಂದು ಗೊತ್ತಾಯಿತು.

"ಸೋಲೂರು ಕಡೆ ರೈತರ ಮನೆಯೋರು, ಮನೋಹರ್ ಅಂತ ಮೇಷ್ಟ್ರು, ಕನಕಪುರದ ಕಾಲೇಜಲ್ಲಿದ್ದಾರೆ. ನನ್ನ ಮೊದಲ್ನೇ ಪ್ರಯೋಗಾನ ಎರಡು ವರ್ಷದಿಂದ ಮತ್ತೆ ಮಾಡ್ತಿದ್ದಾರಂತೆ. ಏಳು ಜನ ರೀಲರ್ ಹತ್ರ ಮಾಡಿಸಿದ್ರೂ ಒಂದು ಸಲಾನೂ ನೂಲು ಬರಲಿಲ್ಲವಂತೆ. 'ಎಲ್ಲಿ ತಪ್ತಿದ್ದೀನಿ ತೋರಿಸಿ ಮೇಡಂ' ಅಂತ ನಂಗೇ ಕಾಗದ ಬರ್ದಿದ್ದಾರೆ, ಪಾಪ. ದೊಡ್ಡದಾಗಿ ಮಾಡಿ ನೋಡ್ಬೇಕು ಅಂತ ನಮ್ಮ ಸಂಸ್ಥೆಗೂ ಅರ್ಜಿ ಹಾಕಿದ್ರು. ನಾನು ಎದ್ದು ಹೊರಗೆ ಹೋದೆ. ವಾಪಸ್ ಬರೋ ಹೊತ್ತಿಗೆ ಅದನ್ನ ಪಕ್ಕಕ್ಕಿಟ್ಟಿದ್ರು. ಸಭೆಯೋರು ಒಬ್ರು ನಗ್ತಾ ಹೇಳಿದ್ರು, ಚಿಂತೆ ಬೇಡ ಮೇಡಂ, ಅದು ಅಲ್ಲೇ ಮಲಗಿರ್ತದೆ ಅಂತ."

"ಒಳ್ಳೇದೇ ಆಯ್ತಲ್ಲ ಬೇಟಿ."

"ಏನ್ ಒಳ್ಳೇದು? ಆ ನಗು ನಂಗೆ ಚುಚ್ಚಿಬಿಡ್ತು ಅಮ್ಮೀ. ಎದ್ದು ಹೊರಗೆ ಹೋದೋಳು ಕೊಡಿ ಅನ್ನೋ ಹಂಗಿಲ್ಲ, ಬಿಡಿ ಅನ್ನೋ ಹಂಗಿಲ್ಲ. ಅವರು ಸರಿಯೋ ನಾನು ಸರಿಯೋ ಅಷ್ಟು ಗೊತ್ತಾದ್ರೆ ಸಾಕಾಗಿತ್ತು. ಆ ಬೇಸಿನ್ ಮುಂದೆ ಕೂತಿದ್ದೋಳು ನೀನೇ ಅಲ್ವಾ? ಆ ನೀರಲ್ಲಿ ನೂಲು ಬಂತು ತಾನೇ?"

ರೋಶನ್ ಬೀ ಬನ್ನಿನ ಚೂರನ್ನು ಚಹಾಕ್ಕೆ ಅದ್ದಿ ಹಿಡಿದಿದ್ದಳು. "ಬಂತು," ಎಂದಳು. ಚೂರು ಕಳಚಿ ಲೋಟದೊಳಗೆ ಬಿತ್ತು.

ಬಂದಿರಲಿಲ್ಲ. ಇದನ್ನು ಈಗ ಹೇಳಲೇಬೇಕು. ಆ ನೀರಿನಲ್ಲಿ ಎಳೆ ಬಿಚ್ಚುತ್ತಲೇ ಇರಲಿಲ್ಲ. ಮಗಳು ಲೆಕ್ಕಕ್ಕೆಂದು ಒಳಗೆ ಹೋದಾಗಲೆಲ್ಲ ರೋಶನ್ ಬೀ ಪಕ್ಕದ ಹಂಡೆಯಿಂದ ಕುದಿಯುವ ನೀರನ್ನು ಸೌಟಿನಲ್ಲಿ ಮೊಗೆದು ಬೇಸಿನ್ನಿಗೆ ಸುರಿದುಕೊಳ್ಳುತ್ತಿದ್ದಳು. ಎಳೆ ಸರಸರನೆ ಬರುತ್ತಿತ್ತು. ಗಂಟೆಯಾಗುವ ಹೊತ್ತಿಗೆ ಎರಡು ಚೊಂಬು ತಣ್ಣೀರು ಹುಯ್ದರೆ ಥರ್ಮಾಮೀಟರಿಗೆ ಏನು ಗೊತ್ತಾಗುತ್ತದೆ, ಪಾಪ! ಮಗಳ ಓದು ನಿಲ್ಲಬಾರದು ಎನ್ನುವುದೊಂದೇ ಅವಳ ತಲೆಯಲ್ಲಿದ್ದದ್ದು. ವಿಜ್ಞಾನಕ್ಕೆ ಮೋಸ ಮಾಡುತ್ತಿದ್ದೇನೆ ಎಂದು ಅವಳಿಗೆ ಹೊಳೆಯಲೂ ಇಲ್ಲ. ಮಗು ಬರೆದ ರಂಗೋಲಿ ಅಳಿಸದಂತೆ ಕಾಯುವ ಹಾಗೆ ಕಾದಿದ್ದಳು ಅಷ್ಟೆ.

ಅವತ್ತು ರಾತ್ರಿಯೆಲ್ಲ ಅವಳಿಗೆ ಅದೇ ಲೆಕ್ಕಾಚಾರ. ಬಾಯಿ ಬಿಟ್ಟರೆ ಬಣ್ಣಗೇಡು. ಬಿಡದಿದ್ದರೆ ಯಾವನೋ ರೈತನ ಮಗ ತನ್ನದಲ್ಲದ ತಪ್ಪನ್ನು ಹುಡುಕುತ್ತ ಆಯುಷ್ಯ ಸವೆಸುತ್ತಾನೆ. ಬಿಟ್ಟರೆ ಮಗಳ ಕುರ್ಚಿಗೇ ಕುತ್ತು. ತನ್ನ ಹೊಟ್ಟೆಯ ಮಗಳಿಗಿಂತ ಸೋಲೂರಿನ ಮೇಷ್ಟ್ರು ಹೆಚ್ಚೇ? ಅಲ್ಲ. ಆದರೆ "ನಾನು ಸರಿಯೋ ಗೊತ್ತಾದ್ರೆ ಸಾಕು" ಎಂದವಳೂ ಅದೇ ಮಗಳಲ್ಲವೇ?

ಬೆಳಿಗ್ಗೆ ವಿಮಾನ ನಿಲ್ದಾಣದ ಕಾರು ಬಾಗಿಲಿಗೆ ಬಂದು ನಿಂತಿತು. ಜುವೇರಿಯಾ ಚಪ್ಪಲಿ ಮೆಟ್ಟುತ್ತಿದ್ದಳು. ರೋಶನ್ ಬೀ ಅವಳ ಸೆರಗು ಹಿಡಿದಳು.

"ಬಿಸಿನೀರು ಹಾಕ್ತಿದ್ದೆ ಕಣೇ. ನೀನ್ ಒಳಗೆ ಹೋದಾಗ. ಹಂಡೆಯಿಂದ."

ಜುವೇರಿಯಾ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. ಆಮೇಲೆ ಬ್ಯಾಗಿನಿಂದ ಪೆನ್ನು, ಪುಸ್ತಕ ತೆಗೆದಳು.

"ದಿನಕ್ಕೆ ಎಷ್ಟು ಸಲ?"

"ಅಯ್ಯೋ, ಬೈಯೇ! ಬರ್ಕೊಳ್ತೀಯಲ್ಲ."

"ಎಷ್ಟು ಸಲ ಅಮ್ಮೀ?"

"ಹತ್ತೋ ಹನ್ನೆರಡೋ. ಮೊದಲ್ನೇ ಆರು ದಿನ ಹಾಕ್ಲಿಲ್ಲ. ಏಳ್ನೇ ದಿನದಿಂದ."

"ಮತ್ತೆ ಆ ಆರು ದಿನದ ನೂಲು?"

"ಎಲ್ಲಿ ನೂಲು, ಬರೀ ಚಿಂದಿ. ನಿಮ್ಮಬ್ಬಾಂದು ಹಳೇ ನೂಲು ತಂದಿಟ್ಬುಟ್ಟೆ."

ಇಷ್ಟು ಹೊತ್ತು ಗಂಟು ಹಾಕಿಕೊಂಡಿದ್ದ ಜುವೇರಿಯಾಳ ಮುಖದಲ್ಲಿ ನಗು ಉಕ್ಕಿಬಿಟ್ಟಿತು. ನಗುತ್ತಲೇ ಇನ್ನೊಂದು ಪ್ರಶ್ನೆ ಕೇಳಿದಳು. "ಕುದಿಯೋ ನೀರು ಹುಯ್ಕೊಂಡ ತಕ್ಷಣ ಕೈ ಹಾಕ್ತಿದ್ದೆಯಲ್ಲ. ಆಗ ಕೈ?"

"ಕೈಗೇನು, ಸುಡ್ತಿತ್ತು. ಮಾಮೂಲಿಗಿಂತ ಒಸಿ ಜಾಸ್ತಿ. ನೀನು ಬರೋದ್ರೊಳಗೆ ಮುಗಿಸ್ಬೇಕಿತ್ತಲ್ಲ."

ಪೆನ್ನು ನಿಂತಿತು. ತಾಯಿಯ ಕೈ ಸುಡಬಾರದೆಂದು ಮಾಡಿದ ಪ್ರಯೋಗದಲ್ಲಿ ತಾಯಿ ಎಂದಿಗಿಂತ ಹೆಚ್ಚು ಕೈ ಸುಟ್ಟುಕೊಂಡಿದ್ದಳು. ಐವತ್ತೈದು ವರ್ಷದ ಮುಖ್ಯಸ್ಥೆ ಆ ಎರಡು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹೊರಗೆ ಡ್ರೈವರು ಎರಡು ಸಲ ಹಾರನ್ ಮಾಡಿದ.

"ಕುರ್ಚಿ ಹೋಗ್ತದಾ ಬೇಟಿ?"

"ಹೋದ್ರೂ ಹೋಗ್ಬಹುದು."

"ಹಂಗಾದ್ರೆ ನಾನೇನೂ ಹೇಳೇ ಇಲ್ಲ ಅಂದ್ಕೋ."

"ಹಂಗಂದ್ಕೊಂಡು ನಾಳೆ ಯಾವ ಮುಖ ಇಟ್ಕೊಂಡು ಇನ್ನೊಬ್ರ ಅರ್ಜಿ ತಳಕ್ಕೆ ಕೈ ಹಾಕ್ಲಿ?" ಎಂದು ಕಣ್ಣೊರೆಸಿಕೊಂಡು ಮಗಳು ಕಾರು ಹತ್ತಿದಳು.

ಡೆಲ್ಲಿಗೆ ಹೋದವಳು ಮನೋಹರ್ ಮೇಷ್ಟ್ರಿಗೆ ಫೋನು ಮಾಡಿ, ತಪ್ಪು ನಿಮ್ಮದಲ್ಲ ಎಂದಳು. ತನ್ನ ಹಳೆಯ ನೋಟ್ ಪುಸ್ತಕಗಳನ್ನೆಲ್ಲ ಅವರಿಗೆ ಕಳುಹಿಸಿದಳು. ಪ್ರಬಂಧವನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು, ಅದನ್ನು ಅಚ್ಚು ಹಾಕಿದ್ದ ವಿದೇಶಿ ಪತ್ರಿಕೆಗೆ ಬರೆದಳು. ಮೇಲಿನವರ ಮುಂದೆ ಎಲ್ಲ ಹೇಳಿ, ನಾನಿರಬೇಕೋ ಬೇಡವೋ ನೀವೇ ತೀರ್ಮಾನಿಸಿ ಎಂದಳು. ಸುದ್ದಿ ಮುಚ್ಚಿಟ್ಟರೆ ನಿಲ್ಲುತ್ತದೆಯೇ? ಪೇಪರಿನಲ್ಲಿ ಬಂತು. "ಮುಖ್ಯಸ್ಥೆಯ ಮೊದಲ ಸಂಶೋಧನೆಯೇ ಸುಳ್ಳು" ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಶುಕೂರ್ ಸಾಹೇಬರು ಪೇಪರನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಬಂದು, ಚಹಾ ಕುಡಿದು, ಅದನ್ನು ತೋರಿಸದೆ ಹಾಗೇ ಹೋದರು. ಒಳ್ಳೆಯ ಮನುಷ್ಯ.

ಜುವೇರಿಯಾಳ ತಮ್ಮ ಮುಜೀಬ್ ಮಾತ್ರ ತಾಯಿಯ ಮೇಲೆ ಹಾರಾಡಿದ. "ಮುವತ್ತು ವರ್ಷ ಬಾಯ್ಮುಚ್ಕೊಂಡಿದ್ದೋಳು ಇನ್ನೊಂದೆರಡು ವರ್ಷ ಮುಚ್ಕೊಂಡಿರಕ್ಕೆ ಏನಾಗಿತ್ತು ಅಮ್ಮೀ? ಆಪಾ ಮರ್ಯಾದೆ ತಗ್ದ್ಬುಟ್ಟೆ!"

ಆ ತಿಂಗಳೆಲ್ಲ ಫೋನು ಬಡಿದುಕೊಂಡಾಗಲೆಲ್ಲ ರೋಶನ್ ಬೀ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಿದ್ದಳು. ನಮಾಜಿನಲ್ಲಿ ಬೇರೆ ಏನನ್ನೂ ಕೇಳಲಿಲ್ಲ, ಮಗಳ ಕುರ್ಚಿಯೊಂದನ್ನೇ ಕೇಳಿದಳು.

ಒಂದು ಭಾನುವಾರ ಮಧ್ಯಾಹ್ನ ಜುವೇರಿಯಾ ಹೇಳದೆ ಕೇಳದೆ ಬಂದಳು. ಒಳಗೆ ಕಾಲಿಡುವ ಮೊದಲೇ ರೋಶನ್ ಬೀ ಕೇಳಿದಳು, "ಹೋಯ್ತಾ?"

"ಹೋಗ್ಲಿಲ್ಲ. ಆದ್ರೆ ಎರಡನೇ ಅವಧಿ ಕೊಡಲ್ಲವಂತೆ. ಇನ್ನು ಏಳು ತಿಂಗಳಿದೆ, ಅಷ್ಟು ಸಾಕು ನಂಗೆ. ಮನೋಹರ್ ಮೇಷ್ಟ್ರ ಅರ್ಜಿ ಒಪ್ಪಿದ್ರು. ನಾನು ವರಾಂಡದಲ್ಲಿದ್ದೆ."

ಮುಜೀಬ್ ಅಕ್ಕನ ಮುಖ ನೋಡಿ, ಒಳಗೆ ಹೋಗಿ ನೀರು ತಂದುಕೊಟ್ಟ.

ಜುವೇರಿಯಾ ಫೋನಿನಲ್ಲಿ ಆ ವಿದೇಶಿ ಪತ್ರಿಕೆಯಲ್ಲಿ ಅಚ್ಚಾದ ತನ್ನ ನಾಲ್ಕು ಸಾಲನ್ನು ತೆರೆದು, ಕನ್ನಡ ಮಾಡಿ ಹೇಳುತ್ತ ಹೋದಳು. "ಈ ಪ್ರಯೋಗದಲ್ಲಿ ನೂಲು ತೆಗೆದವರು ರಾಮನಗರದ ರೋಶನ್ ಬೀ. ಉಗುರುಬೆಚ್ಚಗಿನ ನೀರಿನಲ್ಲಿ ನೂಲು ಬರಲಿಲ್ಲ, ಅವರು ಬಿಸಿನೀರು ಸೇರಿಸಿದರು. ತಪ್ಪು ಅವರದಲ್ಲ, ನನ್ನದು. ನಲವತ್ತು ದಿನ ಗಂಟೆಗೊಮ್ಮೆ ನೀರನ್ನು ಅಳೆದೆ. ಅವರನ್ನು ಒಂದು ಸಲವೂ ಕೇಳಲಿಲ್ಲ."

ರೋಶನ್ ಬೀ ಫೋನನ್ನು ಕೈಗೆ ತೆಗೆದುಕೊಂಡು, ಇಂಗ್ಲಿಷಿನಲ್ಲಿದ್ದ ತನ್ನ ಹೆಸರು ಎಲ್ಲಿದೆ ಎಂದು ಮಗಳ ಬೆರಳಿನಿಂದ ತೋರಿಸಿಕೊಂಡಳು. ನೋಡಿ ನೋಡಿ ತಲೆಯಾಡಿಸಿದಳು.

"ಇದು ಸರಿಯಿಲ್ಲ ಕಣೇ."

"ಯಾಕಮ್ಮೀ?"

"ನೀನು ಕೇಳಿದ್ರೂ ಆವತ್ತು ನಾನು ಸುಳ್ಳೇ ಹೇಳ್ತಿದ್ದೆ. ಅದನ್ನೂ ಬರಿ."