ಮುಷ್ಟಿ ಬಿಗಿದ ಮುತ್ತಜ್ಜ

ಓಣಿಯವರು ಅವಳನ್ನು ಗಾಜಿನಕ್ಕ ಎನ್ನುತ್ತಿದ್ದರು. ಐವತ್ತೆರಡರ ಆ ಹೆಂಗಸು ನಲವತ್ತು ವರ್ಷಗಳಿಂದ ಚಿತ್ರಗಳಿಗೆ ಚೌಕಟ್ಟು ಹಾಕಿಕೊಂಡು ಬಂದವಳು. ಗಾಜಿನ ಮೇಲೆ ವಜ್ರದ ಮೊನೆಯಿಂದ ಗೆರೆ ಎಳೆದು ಮೇಜಿನ ಅಂಚಿಗೆ ಒತ್ತಿದರೆ ಸಾಕು, ಗಾಜು ಚಕಾರವೆತ್ತದೆ ಎರಡಾಗುತ್ತಿತ್ತು. ಎಷ್ಟು ಒತ್ತಬೇಕೆಂಬುದನ್ನು ಅಪ್ಪ ಕಲಿಸಿದ್ದ. ಕಲಿಸಿದ್ದು ಮರದ ಅಳತೆಪಟ್ಟಿಯಿಂದ, ಅವಳ ಬೆರಳಿನ ಗೆಣ್ಣುಗಳ ಮೇಲೆ. ಎಡಗಿವಿ ಕೇಳಿಸದಂತಾದದ್ದೂ ಅದೇ ಪಾಠಶಾಲೆಯಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳು ಒಂದು ಉಬ್ಬುಗಾಜನ್ನು ಒಡೆದದ್ದಕ್ಕೆ ಬಿದ್ದ ಒಂದೇ ಏಟು ಅದು.

ಹೊಡೆದು ಸುಸ್ತಾದ ಮೇಲೆ ಅಪ್ಪ ಗೋಡೆಯತ್ತ ಕೈ ತೋರಿಸುತ್ತಿದ್ದ. ಅಲ್ಲಿ ಅಂಗೈಯಗಲದ ಹಿತ್ತಾಳೆ ಚೌಕಟ್ಟಿನೊಳಗೆ, ಉಗುರಿನಷ್ಟು ತೆಳುವಾದ ದಂತದ ಹಾಳೆಯ ಮೇಲೆ ಬರೆದ ಒಂದು ಕುಟುಂಬವಿತ್ತು: ಕಪ್ಪು ಕೋಟಿನ ಗಂಡಸು, ಅವನ ಹೆಂಡತಿ, ಇಬ್ಬರು ಮಕ್ಕಳು. ಗಂಡಸಿನ ಬಲಗೈ ಮುಷ್ಟಿ ಬಿಗಿದು ತೊಡೆಯ ಮೇಲೆ ಕುಳಿತಿತ್ತು.

"ನೋಡು, ನಿಮ್ಮ ಮುತ್ತಜ್ಜ. ಆ ಕೈ ನೋಡು. ನಮ್ಮ ರಕ್ತಾನೇ ಹಂಗೆ, ನಾನೇನು ಮಾಡ್ಲಿ?"

ರದ್ದಿಗೆ ಬಂದ ವಿಜ್ಞಾನದ ಪುಸ್ತಕಗಳನ್ನು ಆರಿಸಿಟ್ಟು ಓದುವ ಚಟ ಹತ್ತಿದ ಮೇಲೆ ಗಾಜಿನಕ್ಕನಿಗೆ ಈ ಮಾತಿನ ಪೊಳ್ಳುತನ ತಿಳಿಯಿತು. ಆ ತಲೆಮಾರಿನಲ್ಲಿ ಪ್ರತಿಯೊಬ್ಬರಿಗೂ ಎಂಟು ಮಂದಿ ಹಿರಿಯರು. ಅವರಲ್ಲಿ ಒಬ್ಬ ಚಿತ್ರಗಾರನ ಮುಂದೆ ಕುಳಿತ, ಏಳು ಮಂದಿ ಕುಳಿತಿರಲಿಲ್ಲ. ಅಷ್ಟಕ್ಕೇ ಇಡೀ ರಕ್ತ ಅವನೊಬ್ಬನ ಹೆಸರಿಗೆ ಆಗಿಬಿಡುವುದಿಲ್ಲ. ಆದರೆ ಏಟು ತಿನ್ನುವ ಹೊತ್ತಿನಲ್ಲಿ ಭಿನ್ನರಾಶಿ ಯಾರ ನೆರವಿಗೂ ಬರುವುದಿಲ್ಲ.

ಅಪ್ಪ ಸತ್ತ ಮೇಲೆ ಚೌಕಟ್ಟಿನ ಅಂಗಡಿ ಅವಳಿಗೆ ಉಳಿಯಿತು, ಚಿತ್ರ ತಮ್ಮನ ಮನೆಗೆ ಹೋಯಿತು. ತಮ್ಮ ಲಾರಿಗಳ ಮೆಕ್ಯಾನಿಕ್. ಗ್ಯಾರೇಜಿನವರು ಅವನಿಗೆ ಸುತ್ತಿಗೆ ಎಂದು ಅಡ್ಡಹೆಸರಿಟ್ಟಿದ್ದರು. ಅವನೂ ಹೆಂಡತಿಗೆ ಬಾರಿಸಿದ ಮೇಲೆ ಗೋಡೆಯ ಮೇಲಿನ ಅದೇ ಕೈ ತೋರಿಸುತ್ತಿದ್ದ. ಈಗ ಮಾತ್ರ ಚಿತ್ರವನ್ನು ಮಾರುವ ಮನಸ್ಸು ಮಾಡಿದ್ದ. ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಒಳ್ಳೆಯ ಬೆಲೆ ಹೇಳಿ, ಚಿತ್ರವನ್ನು ಬಿಚ್ಚಿ ಶುಚಿಗೊಳಿಸುವ ಕೆಲಸವನ್ನು ಗಾಜಿನಕ್ಕನಿಗೇ ವಹಿಸಿದ್ದ.

"ನಾಲ್ಕು ಗಂಟೆಗೆ ಬರ್ತೀನಿ ಅಕ್ಕ. ಯಾರ್ಯಾರು ಅಂತ ಒಂದು ಚೀಟಿ ಬರೆದಿಡಿ. ಹೆಸರಿದ್ರೆ ಮನೆತನ, ಇಲ್ದಿದ್ರೆ ಬರೀ ಬಣ್ಣ."

ವ್ಯಾಪಾರಿ ಬರಬೇಕಿದ್ದ ದಿನ ಬೆಳಿಗ್ಗೆ ಚಿತ್ರವನ್ನು ಹೊತ್ತು ತಂದವಳು ತಮ್ಮನ ಹೆಂಡತಿ. ಬಲಗೈಯಲ್ಲಿ ಚಿತ್ರದ ಪೊಟ್ಟಣ. ಟವೆಲಿನಲ್ಲಿ ಸುತ್ತಿದ್ದ ಎಡಗೈ ಮಣಿಕಟ್ಟಿನಲ್ಲಿ ಬಾತು ನೀಲಿಯಾಗಿತ್ತು.

"ಕೊಟ್ಟು ಬೇಗ ಬಾ ಅಂದ್ರು, ಅತ್ತಿಗೆ. ನಾನು ವಾಪಸ್ ಹೋಗಲ್ಲ."

"ಹೋಗ್ಬೇಡ. ಒಳಗೆ ಮಂಚದ ಮೇಲೆ ಕೂತ್ಕೋ. ಆಸ್ಪತ್ರೆಗೆ ಹೋಗೋಣ ನಡಿ."

"ಬೇಡ ಅತ್ತಿಗೆ, ಬೀದೀಲಿ ಕಂಡ್ರೆ ಎಳ್ಕೊಂಡು ಹೋಗ್ತಾರೆ."

ಗಾಜಿನಕ್ಕ ಮಣಿಕಟ್ಟಿಗೆ ಎರಡು ಮರದ ಪಟ್ಟಿ ಕಟ್ಟಿ ಅಲುಗದಂತೆ ಬಿಗಿದಳು. ಆಮೇಲೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಕುಳಿತಳು. ದಂತದ ಮೇಲಿನ ಬಣ್ಣ ಬರೀ ಅಂಟುನೀರಿನದು. ಉಸಿರಿನ ಪಸೆ ತಗುಲಿದರೂ ಕದಡುತ್ತದೆ. ಹಿತ್ತಾಳೆಯ ಅಂಚನ್ನು ಮೆಲ್ಲಗೆ ಬಿಡಿಸಿ ಹಾಳೆಯನ್ನು ಮಗುಚಿದಾಗ, ಬೆನ್ನಿಗೆ ಆಸರೆಯಾಗಿ ಅಂಟಿಸಿದ್ದ ಇಸ್ಪೀಟ್ ಎಲೆ ಕಂಡಿತು. ಅದರ ಮೇಲೆ ಮಾಸಿದ ಶಾಯಿಯ ಎರಡು ಸಾಲು: "ಮಾದರಿ, ಹನ್ನೊಂದು. ಮುಖಗಳನ್ನು ಗಿರಾಕಿಯ ಇಷ್ಟದಂತೆ ಬರೆದುಕೊಡಲಾಗುವುದು."

ಅವಳು ತಟಕ್ಕನೆ ನಂಬಲಿಲ್ಲ. ಎಲೆಯನ್ನು ಆಮೇಲೆ ಯಾರಾದರೂ ಅಂಟಿಸಿರಬಹುದಲ್ಲ? ಭೂತಗನ್ನಡಿ ಹಿಡಿದು ಅಂಚನ್ನು ಸುತ್ತಲೂ ಪರೀಕ್ಷಿಸಿದಳು. ಕೋಟಿನ ಕಪ್ಪು ಬಣ್ಣ ದಂತದ ಅಂಚು ದಾಟಿ, ಎಲ್ಲೂ ಕಡಿಯದೆ, ಎಲೆಯ ಬದಿಗೂ ಹರಿದಿತ್ತು. ಎಂದರೆ ಬಣ್ಣ ಹಸಿಯಿದ್ದಾಗಲೇ ಎಲೆ ಅಲ್ಲಿತ್ತು. ಇದು ಚಿತ್ರಗಾರ ಗಿರಾಕಿಗಳಿಗೆ ತೋರಿಸಲು ಇಟ್ಟುಕೊಂಡಿದ್ದ ನಮೂನೆ. ಅಜ್ಜನೋ ಮತ್ತಾರೋ ಹಳೆಯ ಸಾಮಾನಿನ ರಾಶಿಯಿಂದ ತಂದು ಗೋಡೆಗೆ ನೇತುಹಾಕಿದ್ದರು, ಅಷ್ಟೆ.

ಗಾಜಿನಕ್ಕ ಬಟ್ಟೆಯೊಳಗೇ ನಕ್ಕು, ಆ ಸಾಲುಗಳನ್ನು ಒಳಗಿದ್ದವಳಿಗೆ ಓದಿ ಹೇಳಿದಳು. "ಕೇಳಿದ್ಯೇನೇ? ಬಟ್ಟೆ ಅಂಗಡಿ ಬಾಗಿಲಲ್ಲಿ ನಿಲ್ಲಿಸಿರ್ತಾರಲ್ಲ, ಗೊಂಬೆ, ಅದಕ್ಕೆ ಹೆದರ್ಕೊಂಡು ಬದುಕಿದೀವಿ ನಾವು."

ಮೂರೂವರೆಗೆ ತಮ್ಮ ಬಂದ. ಬಾಗಿಲನ್ನು ತೆರೆಯಲಿಲ್ಲ, ಒದ್ದ.

"ಎಲ್ಲಿ ಅವಳು? ಕೊಟ್ಟು ಬಾ ಅಂದ್ರೆ ಇಲ್ಲೇ ಬಿಡಾರ ಹೂಡಿದಾಳಾ?"

"ಅವಳು ಬರಲ್ಲ ಕಣೋ."

"ಅಕ್ಕ, ನಡುವೆ ಬಾಯಿ ಹಾಕ್ಬೇಡ. ನಿಂಗೆ ಉಳಿದಿರೋದೇ ಒಂದು ಕಿವಿ."

"ನಿನ್ನ ಮಾತಿಗೆ ಅದೇ ಜಾಸ್ತಿಯಾಯ್ತು. ಬಾ ಇಲ್ಲಿ, ಇದನ್ನ ಓದು."

ಸಾಕ್ಷ್ಯವನ್ನು ಮುಂದಿಟ್ಟರೆ ಮನುಷ್ಯ ಬದಲಾಗುತ್ತಾನೆಂಬುದು ಓದುವವರ ಮೂಢನಂಬಿಕೆ. ಆ ತಪ್ಪನ್ನು ಅವಳೂ ಮಾಡಿದಳು. ತಮ್ಮ ಎರಡು ಸಾಲನ್ನು ತುಟಿಯಾಡಿಸುತ್ತ ಓದಿ, ಹಾಳೆಯನ್ನು ಮಗುಚಿದ.

"ಸುಳ್ಳು. ನೀನೇ ಗೀಚಿದೀಯ. ಮೂಗು ನೋಡು, ನಂದೇ ಮೂಗು!"

ಚಿಕ್ಕಂದಿನಲ್ಲಿ ಇದೇ ಅಂಗಡಿಯಲ್ಲಿ ಅವನು ಎಣ್ಣೆಬಣ್ಣದ ಚಿತ್ರಗಳ ಕೊಳೆ ತೆಗೆಯುತ್ತಿದ್ದ. ಹತ್ತಿಯನ್ನು ಎಂಜಲಿನಲ್ಲಿ ನೆನೆಸಿ ಒರೆಸಿದರೆ ಎಣ್ಣೆಬಣ್ಣ ಫಳಫಳಿಸುತ್ತದೆ. ಕಸುಬಿನವರೆಲ್ಲ ಬಲ್ಲ ಉಪಾಯ. ಅಕ್ಕ ತಡೆಯುವಷ್ಟರಲ್ಲಿ ಅವನು ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಮುತ್ತಜ್ಜನ ಮುಖವನ್ನು ಬಲವಾಗಿ ಉಜ್ಜಿದ.

ಮೂಗು ಹೆಬ್ಬೆರಳಿಗೆ ಬಂತು. ಮುಖವಿದ್ದಲ್ಲಿ ಬೂದಿಬಣ್ಣದ ರಾಡಿ ಉಳಿಯಿತು. ಕೋಟಿನ ಕಪ್ಪು ಚಿತ್ರದ ಹೆಂಡತಿಯ ಕೆನ್ನೆಗೆ ಮೆತ್ತಿಕೊಂಡಿತು. ಅವನು ಬೆರಳನ್ನೇ ನೋಡುತ್ತ ನಿಂತ.

"ಹಾಗಾದ್ರೆ ನಾನು ಯಾರ ಥರ?"

"ನಿನ್ನ ಥರಾನೇ."

ಮೊದಲ ಗುದ್ದಿಗೆ ಅವಳ ತುಟಿ ಸೀಳಿತು. ಎರಡನೆಯದಕ್ಕೆ ಅವಳು ಗಾಜಿನ ಹಾಳೆಗಳನ್ನು ನಿಲ್ಲಿಸಿದ್ದ ಗೂಡಿಗೆ ಅಪ್ಪಳಿಸಿದಳು. ಹಾಳೆಗಳು ಒಂದರ ಹಿಂದೊಂದು ಉರುಳಿ ಅವಳ ಬೆನ್ನಿನ ಮೇಲೆ ಪುಡಿಯಾದವು. ಅವನು ಅವಳ ಪಕ್ಕೆಗೆ ಒದ್ದು, ದಾಟಿಕೊಂಡು ಒಳಕೋಣೆಗೆ ನುಗ್ಗಿದ. ಹೆಂಡತಿಯನ್ನು ಪಟ್ಟಿ ಕಟ್ಟಿದ ಕೈ ಹಿಡಿದೇ ಎಳೆತಂದ. ಒಣಕಡ್ಡಿ ಮುರಿದಂಥ ಸದ್ದು ಗಾಜಿನಕ್ಕನ ಒಂದೇ ಕಿವಿಗೂ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಬಂದ ಚೀರಾಟಕ್ಕೆ ಅವಳು ಎದ್ದು ನಿಂತಳು.

ಮೇಜಿನ ಮೇಲೆ ಚೌಕಟ್ಟಿನ ಮೂಲೆ ಬಿಗಿಯುವ ಕಬ್ಬಿಣದ ಕ್ಲಾಂಪ್ ಇತ್ತು. ಅದನ್ನೆತ್ತಿ ತಮ್ಮನ ಮೊಣಕೈ ಗಂಟಿಗೆ ಬೀಸಿದಳು. ಹೆಂಡತಿಯ ಕೈ ಬಿಟ್ಟು ಅವನು ಮಂಡಿಯೂರಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ, ಮೊಣಕಾಲಿಗೆ ಇನ್ನೊಂದು ಕೊಟ್ಟಳು, ಪೂರ್ತಿ ಬಲದಿಂದ. ಕೊಡುವಾಗ ಹಿತವೆನಿಸಿತು. ಆ ಹಿತವನ್ನು ಯಾರ ರಕ್ತಕ್ಕೆ ಅಂಟಿಸುವುದೆಂದು ಅವಳಿಗೆ ತಿಳಿಯಲಿಲ್ಲ, ಕಬ್ಬಿಣವನ್ನು ಕೆಳಗಿಟ್ಟಳು.

ನಾಲ್ಕಕ್ಕೆ ಬಂದ ವ್ಯಾಪಾರಿ ಹೊಸ್ತಿಲಲ್ಲೇ ಗರಬಡಿದು ನಿಂತ. ನೆಲದ ಮೇಲಿನ ನೆತ್ತರನ್ನೂ ಮೇಜಿನ ಮೇಲಿನ ದಂತವನ್ನೂ ನೋಡಿದ.

"ಅಕ್ಕ... ಚಿತ್ರ?"

"ಅದು ನಮ್ಮದಲ್ಲ ಅಂತೆ. ಹೋಗಿ ಒಂದು ಗಾಡಿ ಕರ್ಕೊಂಡು ಬನ್ನಿ, ಮೂರು ಜನಕ್ಕೆ."

ಆಸ್ಪತ್ರೆಯ ಕಿಟಕಿಯಲ್ಲಿ ಗುಮಾಸ್ತ ತಲೆಯೆತ್ತದೆ ಕೇಳಿದ, "ಹೇಗಾಯ್ತು?"

"ಮೆಟ್ಟಿಲಿಂದ ಬಿದ್ದೆ," ಎಂದಳು ತಮ್ಮನ ಹೆಂಡತಿ. ಎಷ್ಟೋ ಸಲ ಹೇಳಿ ನುಣುಪಾದ ಮಾತು, ತಾನಾಗಿ ಜಾರಿತು.

"ನಾನೂ ಬಿದ್ದೆ," ಎಂದ ತಮ್ಮ, ಗಾಲಿಮಂಚದಿಂದ.

"ಯಾರೂ ಬಿದ್ದಿಲ್ಲ," ಎಂದಳು ಗಾಜಿನಕ್ಕ, ಸೀಳಿದ ತುಟಿಯಲ್ಲಿ. "ಇವಳ ಕೈ ಮುರಿದವನು ಇವನು. ಇವನ ಕೈಕಾಲು ಮುರಿದವಳು ನಾನು. ಹಾಗೇ ಬರೀರಿ."

ಗುಮಾಸ್ತ ಈಗ ತಲೆಯೆತ್ತಿದ. "ಪೊಲೀಸರಿಗೆ ತಿಳಿಸ್ಬೇಕಾಗುತ್ತಮ್ಮ. ಕೇಸು ನಿಮ್ಮ ಮೇಲೂ ಬರುತ್ತೆ. ಯೋಚ್ನೆ ಮಾಡಿ."

"ಬರಲಿ. ಹೊಡೆದಿದ್ದು ನಿಜ."

ಗುಮಾಸ್ತ ತಮ್ಮನ ಹೆಂಡತಿಯ ಕಡೆ ತಿರುಗಿದ. "ನೀವೇನಂತೀರಿ?"

ಗಾಲಿಮಂಚದ ಮೇಲಿನ ಕಣ್ಣುಗಳು ಅವಳನ್ನು ಕೆಕ್ಕರಿಸಿ ನೋಡುತ್ತಿದ್ದವು. ಅವಳು ಅತ್ತಿಗೆಯ ಪಕ್ಕಕ್ಕೆ ಸರಿದು, ಗುಮಾಸ್ತನನ್ನೇ ನೋಡುತ್ತ ಕೇಳಿದಳು.

"ಇವತ್ತಿಂದು ಕೈ. ಹೋದ ವರ್ಷದ್ದು ಪಕ್ಕೆಲುಬು, ಅದಕ್ಕೂ ಮೊದಲು ದವಡೆ. ಎಲ್ಲಾ ಬರ್ಕೊಳ್ತೀರಾ, ಇವತ್ತಿಂದು ಮಾತ್ರಾನಾ?"

ಗುಮಾಸ್ತ ಮೆಟ್ಟಿಲಿಂದ ಬಿದ್ದದ್ದೆಂದು ಬರೆಯತೊಡಗಿದ್ದ ಸಾಲನ್ನು ಹೊಡೆದುಹಾಕಿ, ಈಚೆ ಬಂದು ಅವಳಿಗೊಂದು ಕುರ್ಚಿ ಎಳೆದುಕೊಟ್ಟ.