ಕಾಫಿ ಕಣದಲ್ಲಿ ಕಲಿತ ತಾಳ

ಸಂಗೀತ ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಮೈಸೂರಿನ ಕಾಲೇಜಿನ ಹೆಸರು ಹೇಳಿ ಜಂಬದಿಂದ ಕೂತುಬಿಡುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ನಾನು ತಾಳ ಕಲಿತದ್ದು ಕೊಡಗಿನ ಮಾದಾಪುರದ ಕಾಫಿ ಕಣದಲ್ಲಿ.

ಅಪ್ಪ ಎಸ್ಟೇಟಿನಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವ ಗುಮಾಸ್ತರು. ನಮ್ಮದೇ ಒಂದು ಚೂರು ತೋಟವೂ ಇತ್ತು. ಅದರ ಕಾಫಿಯನ್ನು ಮನೆ ಹಿಂದಿನ ಕಣದಲ್ಲಿ ಒಣಗಲು ಹರಡಿದರೆ, ಬರಿಗಾಲು ಎಳೆಯುತ್ತಾ ನಡೆದು ಬೀಜ ತಿರುವುವ ಕೆಲಸ ನನ್ನದು. ಪಕ್ಕದ ಮನೆಯ ಪಾರ್ವತಿ ಮಾಮಿ ಕಣದಂಚಿನ ನೆರಳಲ್ಲಿ ಕೂತು ಸಂಗೀತ ಹೇಳಿಕೊಡುತ್ತಿದ್ದರು; ನಾನು ನಡೆಯುತ್ತಾ ಹಾಡುತ್ತಿದ್ದೆ. ತಾಳವೆಲ್ಲ ಕಾಲಲ್ಲೇ. ಮಳೆಗಾಲದಲ್ಲಿ ಕಣಕ್ಕೂ ರಜೆ, ಪಾಠಕ್ಕೂ ರಜೆ. ಹೀಗೆ ಆರು ವರ್ಷ ನಡೆಯಿತು. ಕೇಳಿದವರೆಲ್ಲ “ಭಾರಿ ಚೆನ್ನಾಗಿ ಹಾಡ್ತಾಳೆ” ಎನ್ನುತ್ತಿದ್ದರು. ನಾನೂ ನಂಬಿದ್ದೆ.

ಕಾಲೇಜು ಸೇರುವ ಹೊತ್ತಿಗೆ ನಾನು ಹಟ ಹಿಡಿದೆ: ಓದಿದರೆ ಸಂಗೀತ, ಅದೂ ಮೈಸೂರಿನಲ್ಲಿ. ಏಕೀಕರಣ ಇನ್ನೂ ಆಗಿರಲಿಲ್ಲ; ಆಗ ಕೊಡಗೇ ಒಂದು ರಾಜ್ಯ. ಕುಶಾಲನಗರದ ಹೊಳೆ ದಾಟಿದರೆ ಪರರಾಜ್ಯ!

“ಮಡಿಕೇರೀಲಿ ಕಾಲೇಜಿಲ್ವಾ? ಚರಿತ್ರೆ ಓದು. ಹಾಡೋಕೆ ಬೇರೆ ರಾಜ್ಯಕ್ಕೆ ಹೋಗ್ಬೇಕೇನಮ್ಮ?” ಎಂದರು ಅಪ್ಪ. ಶನಿವಾರಸಂತೆಯ ಸೋದರತ್ತೆ ಇನ್ನೂ ಒಂದು ಹೆಜ್ಜೆ ಮುಂದೆ: “ಹೆಣ್ಣು ನೋಡೋಕೆ ಬಂದಾಗ ಒಂದು ಹಾಡು ಹೇಳಿದ್ರೆ ಸಾಕು ಕಣೇ. ಅದಕ್ಕೂ ಡಿಗ್ರಿನಾ?”

ನಾನು ಎರಡು ದಿನ ಊಟ ಬಿಟ್ಟೆ. ಅಂದರೆ ಎಲ್ಲರೆದುರಿಗೆ ಬಿಟ್ಟೆ. ಅಡುಗೆಮನೆಯಲ್ಲಿ ಅಮ್ಮ ಕಡುಬು ಎತ್ತಿಟ್ಟಿದ್ದಳು. ಕೊನೆಗೆ ಅಪ್ಪ ಸೋತರು, ಆದರೆ ಒಂದು ಷರತ್ತು ಹಾಕಿ ನನ್ನ ಜೊತೆ ಹೊರಟರು. ಸೀಟು ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಮಡಿಕೇರಿ.

ಮೈಸೂರಿನ ಕಾಲೇಜಿನಲ್ಲಿ ಸಂಗೀತದ ಮೇಡಂ ನನ್ನ ಹಾಡನ್ನು ಕಣ್ಣು ಮುಚ್ಚಿ ಕೇಳಿದರು. ಎರಡನೆಯ ಸಾಲಿಗೇ ಕಣ್ಣು ಬಿಟ್ಟರು.

“ಸಾಲು ಮುಗಿದಾಗೆಲ್ಲ ಒಂದು ಚಣ ನಿಲ್ತೀಯಲ್ಲ, ಯಾಕಮ್ಮ?”

ನಿಲ್ಲುತ್ತೇನೆಂದು ನನಗೇ ಗೊತ್ತಿರಲಿಲ್ಲ. ಯೋಚಿಸಿದಾಗ ಹೊಳೆಯಿತು. “ಅಲ್ಲಿಗೆ ಕಣ ಮುಗಿಯುತ್ತೆ ಮೇಡಂ. ತಿರುಗ್ಬೇಕು.”

ಶಾಸ್ತ್ರದಲ್ಲಿ ತಾಳಕ್ಕೆ ಲಘು, ದ್ರುತ ಎಂದೆಲ್ಲ ಅಂಗಗಳಿವೆ. ತಿರುಗಿಕೊಳ್ಳುವುದು ಎಂಬ ಅಂಗ ಎಲ್ಲೂ ಇಲ್ಲ. ಕಣದ ವಿಷಯ ಕೇಳಿ ಮೇಡಂ ನಕ್ಕರು. ಆಮೇಲೆ ನಗಲಿಲ್ಲ. “ಕಂಠ ಒಳ್ಳೇದಿದೆ. ಆದ್ರೆ ಇದನ್ನ ಬಿಡಿಸೋಕೇ ಒಂದು ವರ್ಷ ಬೇಕು, ಮೊದಲಿಂದ ಶುರು ಮಾಡ್ಬೇಕು. ಊರಲ್ಲೇ ಬೇರೆ ಏನಾದ್ರೂ ಓದಿ, ಮನೇಲಿ ಹಾಡ್ಕೋಬಹುದಲ್ಲ?”

ಅಪ್ಪನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆದರೂ ಹೇಳಿಬಿಟ್ಟೆ: “ಮನೇಲಿ ಹಾಡಿದ್ರೆ ಎಲ್ರೂ ಚೆನ್ನಾಗಿದೆ ಅಂತಾರೆ ಮೇಡಂ. ತಪ್ಪು ಅಂದಿದ್ದು ನೀವೊಬ್ರೇ. ನಾನು ಇಲ್ಲೇ ಓದ್ತೀನಿ. ಮೊದಲಿಂದಾನೇ ಕಲೀತೀನಿ.”

ಮೇಡಂ ಅರ್ಜಿಯನ್ನು ನಮ್ಮ ಮುಂದಕ್ಕೆ ಸರಿಸಿದರು. ಅಪ್ಪ ಜೇಬಿನಿಂದ ಪೆನ್ನು ತೆಗೆದು ಕೇಳಿದರು, “ನನ್ನ ಸೈನ್ ಎಲ್ಲಿ ಹಾಕ್ಬೇಕು ಮೇಡಂ?”

ವಾಪಸಾಗುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ, “ಅಪ್ಪ, ಬೇಡ ಅಂತಿದ್ರಲ್ಲ, ಯಾಕೆ ಸೈನ್ ಹಾಕಿದ್ರಿ?”

ಅಪ್ಪ ಹೇಳಿದರು, “ಆರು ವರ್ಷ ನಿನ್ನ ಹಾಡು ಕೇಳಿದೀನಿ ಕಣಮ್ಮ. ನೀನು ನಿಲ್ತೀಯ ಅಂತ ನನಗೆ ಒಂದು ದಿನಾನೂ ಗೊತ್ತಾಗ್ಲಿಲ್ಲ. ಅವರಿಗೆ ಎರಡನೇ ಸಾಲಿಗೇ ಗೊತ್ತಾಯ್ತು.”